ನನ್ನ ನಗು ನನಗೆ ವಾಪಸ್ ಕೊಡು

ನೊಯ್ಲೀನ್: ಕೊಡ್ತೀಯೋ ಇಲ್ವೋ?

ಕೆಲ್ವಿನ್: ಏನು ಕೊಡ್ಲಿ?

ನೊಯ್ಲೀನ್: ನನ್ನ ನಗು. ನನ್ನ ಗಂಟಲಿಂದ ಬಂದಿದ್ದು. ನನಗೆ ವಾಪಸ್ ಬೇಕು.

ಕೆಲ್ವಿನ್: ಮೆತ್ತಗೆ ಮಾತಾಡೇ ಮಾರಾಯ್ತಿ, ಹಾಡು ಮುಗಿಯೋಕೆ ಬಂತು.

ನೊಯ್ಲೀನ್: ಮುಗೀಲಿ. ಮೈಕು ಹಾಕು. ಕಳ್ಳ ಯಾರು ಅಂತ ಇಡೀ ಬುರಾಂಗ ಕೇಳ್ಲಿ.

ಇವರಿಬ್ಬರೂ ಗಂಡ ಹೆಂಡತಿ ಅಂತ ಬೇರೆ ಹೇಳಬೇಕಾಗಿಲ್ಲ. ಕೆಲ್ವಿನ್ ಟಕ್‌ವೆಲ್ ನಮ್ಮ ಬುರಾಂಗ ಊರಿನ ರೇಡಿಯೊದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಾನೆ. ನೊಯ್ಲೀನ್ ಅದೇ ಕಟ್ಟಡದ ಹಿಂದಿನ ಕೋಣೆಯಲ್ಲಿ ಕೂತು ಟ್ರ್ಯಾಕ್ಟರು, ಬೂಟು, ಕುರಿ ಔಷಧಿ ಅಂತ ಜಾಹೀರಾತು ಬರೆಯುತ್ತಾಳೆ, ತಾನೇ ಓದುತ್ತಾಳೆ. ನಾನು ಗ್ವೆಂಡಾ. ಮುಂಬಾಗಿಲ ಹತ್ತಿರ ಕೂತು ಫೋನ್ ಎತ್ತುವುದು ನನ್ನ ಕೆಲಸ. ಸ್ಟುಡಿಯೋಗೂ ನನ್ನ ಮೇಜಿಗೂ ನಡುವೆ ಒಂದು ಗಾಜು, ಸರಿಯಾಗಿ ಮುಚ್ಚದ ಒಂದು ಬಾಗಿಲು. ರಿಪೇರಿ ಮಾಡಿಸ್ತೀನಿ ಅಂತ ಮ್ಯಾನೇಜರ್ ಲಾಯ್ಡ್ ಹೇಳಿದಾಗೆಲ್ಲ ನಾನೇ ಬೇಡ ಅಂದಿದ್ದೇನೆ.

ಹಾಡು ಮುಗಿಯಿತು. ಕೆಲ್ವಿನ್ ಮೈಕಿನ ಗುಂಡಿ ಮೇಲೆ ತಳ್ಳಿದ. ಮುಖದ ಮೇಲಿದ್ದ ಹುಳಿ ಎಲ್ಲಿ ಹೋಯಿತೋ, ದನಿಯಲ್ಲಿ ಜೇನು ಸುರಿಯಿತು.

ಕೆಲ್ವಿನ್ (ಮೈಕಿನಲ್ಲಿ): ಶುಭೋದಯ ಬುರಾಂಗ! ಎಂಥಾ ಚೆಂದದ ಬೆಳಗು! ನನ್ನ ಮುದ್ದಿನ ನೊಯ್ಲೀನ್ ಈಗಷ್ಟೇ ಬಿಸಿಬಿಸಿ ಟೀ ತಂದುಕೊಟ್ಟಿದಾಳೆ. ಎಂಥಾ ಹೆಂಡತಿ ಅಂತೀರಾ! ಇನ್ನೊಂದು ಹಾಡು ಕೇಳೋಣ.

ಟೀ ತಂದವಳು ನಾನು. ಅದೂ ಆರಿಹೋಗಿತ್ತು.

ನೊಯ್ಲೀನ್: ಮುದ್ದಿನ ನೊಯ್ಲೀನ್ ಅಂತೆ. ನಾಚಿಕೆ ಆಗಲ್ವಾ? ನಿನ್ನೆ ಏನು ಮಾಡಿದೀಯ ಅಂತ ನೆನಪಿದೆಯಾ?

ಕೆಲ್ವಿನ್: ರಾತ್ರಿಯಿಂದ ಅದೇ ಹಾಡ್ತಿದೀಯ. ಮರೆಯೋಕೆ ಬಿಟ್ರೆ ತಾನೆ?

ನೊಯ್ಲೀನ್: ಪಾಪ, ಮುದುಕ ಆಲ್ಫ್ರೆಡ್ ಪೆಟ್ಟಿಗ್ರೂ ತೀರಿಕೊಂಡಿದಾನೆ. ನೀನು ಸಾವಿನ ಸುದ್ದಿ ಓದ್ತಿದೀಯ. "ಅಂತ್ಯಕ್ರಿಯೆ ಶುಕ್ರವಾರ, ದುಃಖತಪ್ತ ಪತ್ನಿ ಮೇವಿಸ್, ದಯವಿಟ್ಟು ಹೂವು ತರಬೇಡಿ." ಹಿಂದುಗಡೆ ನಾನು ಹಿಹ್ಹಿಹ್ಹೀ ಅಂತ ಬಿದ್ದು ಬಿದ್ದು ನಗ್ತಿದೀನಿ!

ಕೆಲ್ವಿನ್: ಬೇಕೂಂತ ಮಾಡಿದ್ನಾ? ನಗುವಿನ ಕಾರ್ಟು ಮೊದಲಿಗೆ ಬರ್ಲಿ ಅಂತ ಓಡಿಸ್ತಿದ್ದೆ. ಅದರ ಸದ್ದಿನ ಗುಂಡಿ ಕೆಳಗಿಳಿಸೋದು ಮರ್ತುಹೋಯ್ತು.

ನೊಯ್ಲೀನ್: ಯಾಕೆ ಓಡಿಸಬೇಕಾಯ್ತು? ತಾನಾಗೇ ಮೊದಲಿಗೆ ಬಂದು ನಿಲ್ಲೋ ವಸ್ತು ಅದು. ನಿಂತ ಮೇಲೆ ತೆಗಿ ಅಂತ ಕೆಲಸಕ್ಕೆ ಸೇರಿದ ದಿನಾನೇ ಹೇಳ್ಕೊಡ್ತಾರೆ. ಅಷ್ಟು ತಾಳ್ಮೆ ನಿನಗೆಲ್ಲಿದೆ? ಅರ್ಧಕ್ಕೇ ಕಿತ್ತು ಬಿಸಾಕ್ತೀಯ. ಮನೇಲೂ ಅಷ್ಟೇ. ಹುಲ್ಲು ಕತ್ತರಿಸೋದು ಅರ್ಧ, ಬೇಲಿಗೆ ಬಣ್ಣ ಹಚ್ಚೋದು ಅರ್ಧ.

ಕೆಲ್ವಿನ್: ಬೇಲಿ ವಿಷಯ ಇಲ್ಲಿ ಯಾಕೆ ತರ್ತೀಯ?

ನೊಯ್ಲೀನ್: ಒಂದು ಕಡೆ ಹಸಿರು, ಇನ್ನೊಂದು ಕಡೆ ತುಕ್ಕು. ದಾರಿಹೋಕರೆಲ್ಲ ನೋಡ್ತಾರೆ, ಅದಕ್ಕೆ ತರ್ತೀನಿ.

ಕಾರ್ಟು ಅಂದರೆ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಟೇಪು ಇರುತ್ತದೆ, ತುದಿಗೆ ತುದಿ ಅಂಟಿಸಿದ್ದು. ಗುಂಡಿ ಒತ್ತಿದರೆ ಓಡುತ್ತದೆ, ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೇ ಬಂದು ತಾನಾಗಿ ನಿಲ್ಲುತ್ತದೆ. ನಮ್ಮಲ್ಲಿ ಜಾಹೀರಾತು, ಗಂಟೆ ಸದ್ದು, ಕೋಳಿ ಕೂಗು ಎಲ್ಲ ಇಂಥ ಡಬ್ಬಿಗಳಲ್ಲೇ ಇರೋದು. ಅದು ನಿಲ್ಲುವ ಮೊದಲೇ ಕಿತ್ತರೆ ಮುಂದಿನ ಸಲ ನಡುವಿನಿಂದ ಶುರುವಾಗುತ್ತದೆ. ರೇಡಿಯೊ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಕುಡಿದು ಬಂದವನನ್ನು ಲಾಯ್ಡ್ ಕ್ಷಮಿಸಿದ್ದುಂಟು, ಅರ್ಧ ಓಡಿದ ಕಾರ್ಟು ಬಿಟ್ಟು ಹೋದವನನ್ನು ಕ್ಷಮಿಸಿದ್ದಿಲ್ಲ. ಕೆಲ್ವಿನ್ ಮಾತ್ರ ಹೇಗೋ ಬಚಾವಾಗುತ್ತಾ ಬಂದಿದ್ದಾನೆ, ಯಾಕೆಂದರೆ ಜನ ಅವನ ಜೋಕು ಕೇಳುತ್ತಾರೆ. ಜೋಕು ಯಾಕೆ ಕೇಳುತ್ತಾರೆ ಅಂದರೆ ಕೊನೆಗೆ ನೊಯ್ಲೀನ್ ನಗುತ್ತಾಳೆ. ಆ ನಗು ಇರೋದು ಒಂದು ಕಾರ್ಟಿನಲ್ಲಿ. ಅವಳು ಬೆಳಗಿನ ಹೊತ್ತು ಸ್ಟುಡಿಯೋಗೆ ಕಾಲೇ ಇಡುವುದಿಲ್ಲ ಅಂತ ಊರಿನವರಿಗೆ ಗೊತ್ತಿಲ್ಲ.

ಕೆಲ್ವಿನ್: ಆಲ್ಫ್ರೆಡ್ ಮನೆಗೆ ಹೋಗಿ ನಾನೇ ಕ್ಷಮೆ ಕೇಳ್ತೀನಿ. ಆಯ್ತಾ?

ನೊಯ್ಲೀನ್: ನೀನು ಕೇಳಿ ಏನುಪಯೋಗ? ನಕ್ಕವಳು ನಾನು! ನಿನ್ನೆ ಮಾಂಸದಂಗಡೀಲಿ ಮೇವಿಸ್ ತಂಗಿ ಎಲ್ಲರೆದುರು ಕೇಳಿದ್ಳು, "ನಮ್ಮ ಆಲ್ಫ್ ಸತ್ತಿದ್ದು ನಿನಗೆ ಅಷ್ಟು ಖುಷಿನೇನಮ್ಮಾ?" ಅಂತ. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಅಂಗಡಿಯವನು ನನಗೆ ಮಾಂಸ ಕೊಡೋವಾಗ ಮುಖಾನೂ ನೋಡ್ಲಿಲ್ಲ.

ಕೆಲ್ವಿನ್: ನಾಲ್ಕು ದಿನ, ಎಲ್ಲ ಮರ್ತುಬಿಡ್ತಾರೆ.

ನೊಯ್ಲೀನ್: ನನಗೆ ನಾಲ್ಕು ದಿನ ಇಲ್ಲ ಕಣೋ! ಮಧ್ಯಾಹ್ನದ ಸುದ್ದಿ ಇನ್ಮೇಲೆ ಯಾರು ಓದ್ಬೇಕು ಅಂತ ಲಾಯ್ಡ್ ಇವತ್ತು ತೀರ್ಮಾನ ಮಾಡ್ತಾರೆ. ನಾನು ಎಷ್ಟು ವರ್ಷದಿಂದ ಕಾಯ್ತಿದೀನಿ ಅಂತ ನಿನಗೆ ಗೊತ್ತು. ಲಾಯ್ಡ್ ಏನಂದ್ರು ಗೊತ್ತಾ? "ದನಿ ಚೆನ್ನಾಗಿದೆ, ಓದೋದು ಚೆನ್ನಾಗಿದೆ. ಆದ್ರೆ ನೀನು ಬಾಯಿ ತೆರೆದ್ರೆ ಸಾಕು, ಜನ ಹಿಹ್ಹಿಹ್ಹೀಗೆ ಕಾಯ್ತಾರಮ್ಮ" ಅಂದ್ರು.

ಕೆಲ್ವಿನ್: ಸರಿಯಾಗೇ ಹೇಳಿದಾರೆ. ಸುದ್ದೀಲಿ ಏನಿದೆ ಹೇಳು? ಬರ, ಕಾಡ್ಗಿಚ್ಚು, ಲಾರಿ ಪಲ್ಟಿ. ನಿಂದು ನಗುಮುಖ ಕಣೇ.

ನೊಯ್ಲೀನ್: ನಿನ್ನ ಕಟ್ಕೊಂಡ ಮೇಲೂ ನನಗೆ ನಗು ಬರತ್ತೆ ಅಂತ ಊರು ನಂಬಿಕೊಂಡಿದೆಯಲ್ಲ, ಅದೇ ನನ್ನ ಕರ್ಮ. ನಿನ್ನ ಜೋಕೆಲ್ಲ ಯಾರ ಮೇಲೆ? ನನ್ನ ಅಡುಗೆ, ನನ್ನ ಡ್ರೈವಿಂಗು, ನನ್ನಮ್ಮ. ನನ್ನನ್ನೇ ಆಡಿಕೊಂಡು, ನನ್ನ ನಗುನೇ ಒತ್ತಿ, "ನೋಡಿ, ಅವಳಿಗೇ ಬೇಜಾರಿಲ್ಲ" ಅಂತ ಊರಿಗೆಲ್ಲ ತೋರಿಸ್ತೀಯ.

ಕೆಲ್ವಿನ್: ಬೇಜಾರಿದ್ರೆ ಅವತ್ತು ಯಾಕೆ ನಕ್ಕೆ? ಎಮು ಹಕ್ಕಿ ಜೋಕು ಹೇಳಿದ್ದೆ, ಹೊಟ್ಟೆ ಹಿಡ್ಕೊಂಡು ನಕ್ಕೆ. ಅದೇ ಈ ಕಾರ್ಟು. ನನ್ನ ಜೀವನದ ಅತ್ಯುತ್ತಮ ಜೋಕು ಅದು.

ನೊಯ್ಲೀನ್: ಎಮು ಹಕ್ಕಿನಾ?

ಕೆಲ್ವಿನ್: ಹೂಂ, ಎಮು ಹಕ್ಕಿ, ಕುರಿ ಉಣ್ಣೆ ಕತ್ತರಿಸೋನು.

 ನೊಯ್ಲೀನ್ ನನ್ನ ಕಡೆ ತಿರುಗಿ, ಗಾಜಿನ ಆಚೆಯಿಂದಲೇ, ಕೇಳಿಸಿತಾ ಅನ್ನುವ ಹಾಗೆ ಹುಬ್ಬೇರಿಸಿದಳು. ಕೇಳಿಸಿತು, ಎಲ್ಲಾ ಕೇಳಿಸಿತು.

ನೊಯ್ಲೀನ್: ಆ ಜೋಕು ನನಗೆ ಕೇಳಿಸ್ಲೇ ಇಲ್ಲ ಕಣೋ. ನಾನು ಪಕ್ಕದ ರೆಕಾರ್ಡಿಂಗ್ ಕೋಣೇಲಿ ಬೂಟಿನ ಅಂಗಡಿ ಜಾಹೀರಾತು ಓದ್ತಿದ್ದೆ. ಗಾಜಲ್ಲಿ ನೋಡಿದ್ರೆ, ನೀನು ಟೈ ಸರಿ ಮಾಡ್ಕೊಂಡು, ಕೈ ಆಡಿಸ್ಕೊಂಡು, ಮಂತ್ರಿ ಥರ ಗೋಧಿ ಧಾರಣೆ ಓದ್ತಿದೀಯ. ಮೊದಲಿಂದ ಕೊನೇವರೆಗೂ ಮೈಕು ಆಫು! ಅದಕ್ಕೇ ನಕ್ಕಿದ್ದು, ಆ ನಗುನೇ ಟೇಪಿಗೆ ಬಿದ್ದಿದ್ದು.

ಕೆಲ್ವಿನ್: ಸುಳ್ಳು!

ನೊಯ್ಲೀನ್: ಗ್ವೆಂಡಾನ ಕೇಳು. ಅವತ್ತು ರೈತರ ಫೋನು ಎತ್ತಿ ಎತ್ತಿ ಅವಳಿಗೆ ಕೈ ನೋವು ಬಂದಿತ್ತು.

ಕೆಲ್ವಿನ್: ಗ್ವೆಂಡಾ, ನಿಜವಾ?

ನಾನು: ನಿಜಪ್ಪ. ಒಬ್ಬ ರೈತ ಅಂತೂ ರೇಡಿಯೊ ಸತ್ತುಹೋಯ್ತು ಅಂತ ಹೊಸದು ಕೊಂಡ್ಕೊಂಡ.

ಕೆಲ್ವಿನ್ ಮುಖ ನೋಡಬೇಕಿತ್ತು. ಇಷ್ಟು ವರ್ಷ ಎದೆಗಪ್ಪಿಕೊಂಡಿದ್ದ ಬಹುಮಾನ ಪಕ್ಕದ ಮನೆಯವನದು ಅಂತ ಗೊತ್ತಾದ ಹಾಗೆ ಬಾಯಿ ಬಿಟ್ಟುಕೊಂಡು ಕೂತ. ನನಗೇನೂ ಪಾಪ ಅನ್ನಿಸಲಿಲ್ಲ. ಅಷ್ಟರಲ್ಲಿ ನೊಯ್ಲೀನ್ ಗೋಡೆಗಿದ್ದ ಗೂಡಿನಿಂದ ಒಂದೊಂದೇ ಕಾರ್ಟು ಎಳೆದು ನೋಡತೊಡಗಿದ್ದಳು.

ಕೆಲ್ವಿನ್: ಅಲ್ಲಿ ಇಲ್ಲ. ಸುಮ್ನೆ ಹುಡುಕಬೇಡ.

ನೊಯ್ಲೀನ್: ನೀನು ಅಲ್ಲಿ ಇಲ್ಲ ಅಂದ್ರೆ ಅಲ್ಲೇ ಇದೆ. ಬೂಟು, ಟ್ರ್ಯಾಕ್ಟರು, ಚರ್ಚಿನ ಗಂಟೆ... ಇದೇನಿದು? "ಕುರಿ ಹೊಟ್ಟೆಹುಳದ ಔಷಧಿ." ಆ ಔಷಧಿ ಕಂಪನಿಯೋರು ಜಾಹೀರಾತು ನಿಲ್ಲಿಸಿ ಕಾಲ ಆಯ್ತಲ್ಲ?

ಕೆಲ್ವಿನ್: ಅದು ಹಳೇದು. ಇಟ್ಟುಬಿಡು.

ನೊಯ್ಲೀನ್: ನನ್ನ ನಗುಗೆ ಕುರಿ ಹೊಟ್ಟೆಹುಳ ಅಂತ ಹೆಸರಿಟ್ಟಿದೀಯಾ?

ಕೆಲ್ವಿನ್: ಬಚ್ಚಿಡೋಕೆ ಕಣೇ! ಬೇರೆ ಚೀಟಿ ಸಿಗ್ಲಿಲ್ಲ!

ಅವಳು ಕಾರ್ಟು ಹಿಡಿದು ಹೊರಟಳು. ಕೆಲ್ವಿನ್ ಹಾರಿ ಹಿಡಿಯಲು ಹೋದ. ತಲೆ ಮೇಲೆ ಹೆಡ್‌ಫೋನು ಇದೆ ಅನ್ನುವುದು ಮರೆತಿದ್ದ. ವೈರು ಎಳೆದು ಅವನನ್ನು ಕುರ್ಚಿಗೇ ವಾಪಸ್ ಕೂರಿಸಿತು. ಹಾಡು ಮುಗಿಯುತ್ತಾ ಬಂದಿತ್ತು, ಅವನು ಬಿಟ್ಟು ಬರುವ ಹಾಗೂ ಇರಲಿಲ್ಲ.

ಟೇಪು ಅಳಿಸುವ ಮೆಷೀನು ಇರುವುದು ನನ್ನ ಮೇಜಿನ ಪಕ್ಕದಲ್ಲೇ. ಭಾರದ ಕಬ್ಬಿಣದ ಪೆಟ್ಟಿಗೆ, ಒಳಗೆ ದೊಡ್ಡ ವಿದ್ಯುತ್ ಅಯಸ್ಕಾಂತ. ನೊಯ್ಲೀನ್ ಕೈಗಡಿಯಾರ ಬಿಚ್ಚಿ ನನ್ನ ಕೈಗಿಟ್ಟಳು, ಅದರ ಹತ್ತಿರ ವಾಚು ತಂದರೆ ಕೆಟ್ಟು ಕೂರುತ್ತದೆ. ಸ್ವಿಚ್ಚು ಹಾಕಿದಳು. ಮೆಷೀನು ಗುಂಯ್‌ಗುಟ್ಟಿತು. ಕಾರ್ಟನ್ನು ಅದರ ಮೇಲಿಟ್ಟು ನಿಧಾನವಾಗಿ, ಕಾವಲಿಗೆ ಎಣ್ಣೆ ಸವರುವಂತೆ, ಸುತ್ತ ತಿರುಗಿಸಿದಳು. ಆಮೇಲೆ ತಿರುವಿ ಹಾಕಿ ಇನ್ನೊಂದು ಮಗ್ಗುಲೂ ಅಳಿಸಿದಳು.

ನಾನು: ಸಮಾಧಾನ ಆಯ್ತಾ?

ನೊಯ್ಲೀನ್: ಗ್ವೆಂಡಾ, ಹಲ್ಲು ಕೀಳಿಸಿಕೊಂಡ ಹಾಗಾಯ್ತು. ಈಗ ಲಾಯ್ಡ್ ಏನು ನೆಪ ಹೇಳ್ತಾರೋ ನೋಡೋಣ.

ಅಳಿಸಿದ ಕಾರ್ಟನ್ನು ತಂದು ಕೆಲ್ವಿನ್ ಮುಂದಿನ ಮೆಷೀನಿಗೆ ತಾನೇ ತುರುಕಿದಳು.

ನೊಯ್ಲೀನ್: ತಗೋ. ಈಗ ನಗಿಸು.

ಕೆಲ್ವಿನ್: ನಿನ್ನ ನಗು ಇಲ್ದಿದ್ರೆ ನನ್ನ ಜೋಕು ನಡೆಯಲ್ಲ ಅಂದ್ಕೊಂಡಿದೀಯಾ? ನನ್ನ ಜೋಕು ಸ್ವಂತ ಕಾಲ ಮೇಲೆ ನಿಲ್ಲತ್ತೆ.

ನೊಯ್ಲೀನ್: ನಿಲ್ಲಿಸು. ನೋಡೇಬಿಡೋಣ.

ಕೆಲ್ವಿನ್ (ಮೈಕಿನಲ್ಲಿ): ಬುರಾಂಗ, ಬೆಳಗಿನ ಜೋಕಿನ ಹೊತ್ತಾಯ್ತು! ನಿನ್ನೆ ನನ್ನ ಹೆಂಡತಿ ಸ್ಕೋನ್ ಬನ್ನು ಮಾಡಿದ್ಳು. ಒಂದು ಹೇಗೋ ತಿಂದೆ. ಇನ್ನೊಂದನ್ನ ಕುರಿದೊಡ್ಡಿ ಗೇಟಿಗೆ ಒತ್ತು ಕೊಟ್ಟಿದೀನಿ. ರಾತ್ರಿಯೆಲ್ಲ ಬಿರುಗಾಳಿ, ಗೇಟು ಅಲ್ಲಾಡಿದ್ರೆ ಕೇಳಿ!

ಹೇಳಿದ ಮೇಲೆ ಅಭ್ಯಾಸಬಲದಿಂದ ಗುಂಡಿ ಒತ್ತಿಯೇಬಿಟ್ಟ. ಟೇಪು ಓಡಿತು. ಸದ್ದಿಲ್ಲ. ನಗು ಅಳಿಸಿದಾಗ, ಎಲ್ಲಿ ನಿಲ್ಲಬೇಕು ಅಂತ ಟೇಪಿನಲ್ಲಿದ್ದ ಗುರುತೂ ಅಳಿಸಿಹೋಗಿದ್ದರಿಂದ ಅದು ಸುತ್ತುತ್ತಲೇ ಇತ್ತು. ಕೆಲ್ವಿನ್ ಅದನ್ನೇ ನೋಡುತ್ತಾ ಕೂತ, ಈಗ ಬರುತ್ತದೆ, ಈಗ ಬರುತ್ತದೆ ಅನ್ನುವ ಹಾಗೆ. ರೇಡಿಯೊದಲ್ಲಿ ಮೌನ ಅಂದರೆ ಎಷ್ಟು ಉದ್ದ ಅಂತ ಕೇಳಿದವರಿಗೇ ಗೊತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡು, "ಹೂಂ... ಹಾಡು" ಅಂದ.

ಹಾಡು ಶುರುವಾಗುವ ಮೊದಲೇ ನನ್ನ ಫೋನು ಹೊಡೆದುಕೊಂಡಿತು. ಅಂಚೆ ಕಚೇರಿಯ ಆಲ್ವಿನ್ ಹ್ಯಾಚ್. ಅವಳಿಗೆ ಒಂದು ವಿಷಯ ಹೇಳಿದರೆ ಅಂಚೆಗೆ ಹಾಕುವುದೇ ಬೇಡ.

ಆಲ್ವಿನ್ (ಫೋನಿನಲ್ಲಿ): ಗ್ವೆಂಡಾ, ನಿಜ ಹೇಳು. ನೊಯ್ಲೀನ್ ಅವನನ್ನ ಬಿಟ್ಟು ಹೋದ್ಳಾ?

ನಾನು: ಯಾರು ಹೇಳಿದ್ದು? ಇಲ್ಲೇ ಇದಾಳೆ.

ಆಲ್ವಿನ್: ಇದ್ರೆ ಯಾಕೆ ನಗ್ಲಿಲ್ಲ? ಅವನು ಅಷ್ಟು ಕೆಟ್ಟದಾಗಿ ಆಡಿಕೊಂಡ, ಪಾಪ, ಒಂದು ಉಸಿರೂ ಬರ್ಲಿಲ್ಲ ಅವಳದು.

ನಾನು: ಅಯ್ಯೋ, ಆ ನಗು ಟೇಪಲ್ಲಿತ್ತು ಕಣೇ. ಅಳಿಸಿಹೋಯ್ತು.

ಆಲ್ವಿನ್: ಟೇಪಲ್ಲಾ? ಹಾಗಾದ್ರೆ ಅವಳು ಯಾವಾಗ್ಲೋ ಬಿಟ್ಟು ಹೋಗಿದಾಳೆ! ಇಷ್ಟು ದಿನ ಟೇಪು ಹಾಕ್ಕೊಂಡು ಸಂಸಾರ ಮಾಡ್ತಿದ್ನಾ, ಮುಂಡೇದು?

ನಾನು: ಆಲ್ವಿನ್, ಕೇಳಿಲ್ಲಿ...

ಕೇಳಲಿಲ್ಲ, ಫೋನು ಇಟ್ಟಳು. ನನಗೆ ಬುದ್ಧಿ ಇಲ್ಲ, ಅವಳಿಗೆ ನಿಜ ಹೇಳಲು ಹೋದೆ. ಅಲ್ಲಿಂದ ಮುಂದೆ ನನಗೆ ಟೀ ಕುಡಿಯಲೂ ಬಿಡುವಾಗಲಿಲ್ಲ. ಒಬ್ಬಳು ನೊಯ್ಲೀನಳಿಗೆ ಬಾಡಿಗೆ ಕೋಣೆ ಇದೆ ಅಂದಳು. ಫುಟ್‌ಬಾಲ್ ಕ್ಲಬ್ಬಿನ ಒಬ್ಬ ವಿಧುರ ಅವಳಿಗೆ ಮೀನು ಹಿಡಿಯುವುದು ಇಷ್ಟವಾ ಅಂತ ವಿಚಾರಿಸಿದ. ನೊಯ್ಲೀನಳ ಅಮ್ಮನೂ ಫೋನು ಮಾಡಿದಳು. ಏನಾಯಿತು, ಯಾರ ತಪ್ಪು ಅಂತ ಒಂದು ಮಾತು ಕೇಳಲಿಲ್ಲ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ ಅಂತಷ್ಟೇ ಹೇಳಿ ಇಟ್ಟಳು.

ಕೆಲ್ವಿನ್: ಏನಂತೆ ನಿಮ್ಮಮ್ಮಂಗೆ?

ನೊಯ್ಲೀನ್: ಹಾಸಿಗೆ ಒಣಗಿಸ್ತಿದಾಳಂತೆ.

ಕೆಲ್ವಿನ್: ಅಷ್ಟು ಖುಷಿನಾ?

ನೊಯ್ಲೀನ್: ಮದುವೆ ದಿನದಿಂದಲೂ ಆ ಹಾಸಿಗೆ ತೆಗೆದಿಟ್ಟಿದಾಳೆ.

ಮತ್ತೆ ಫೋನು. ಈ ಸಲ ಎತ್ತಿದವಳೇ ನಾನು ಎದ್ದು ನಿಂತೆ. ಮೇವಿಸ್ ಪೆಟ್ಟಿಗ್ರೂ, ಸತ್ತ ಆಲ್ಫ್ರೆಡ್‌ನ ಹೆಂಡತಿ. ನೊಯ್ಲೀನಳನ್ನೇ ಕೇಳಿದಳು. ನೊಯ್ಲೀನ್ ಒದ್ದೆ ಕೈ ಒರೆಸಿಕೊಳ್ಳುವವಳ ಹಾಗೆ ಅಂಗೈ ಸ್ಕರ್ಟಿಗೆ ಉಜ್ಜಿ ಫೋನು ತೆಗೆದುಕೊಂಡಳು. ಮೇವಿಸ್‌ಗೆ ಕಿವಿ ಮಂದ, ಕೂಗಿಯೇ ಮಾತಾಡುವುದು, ಎಲ್ಲಾ ನನಗೂ ಕೇಳಿಸಿತು.

ನೊಯ್ಲೀನ್: ಮೇವಿಸ್, ನಿನ್ನೆ ಆಗಿದ್ದಕ್ಕೆ ನಾನು...

ಮೇವಿಸ್ (ಫೋನಿನಲ್ಲಿ): ಏನೂ ಹೇಳ್ಬೇಡಮ್ಮ, ನನಗೆಲ್ಲ ಅರ್ಥ ಆಯ್ತು. ಆಲ್ವಿನ್ ಹೇಳಿದ್ಳು. ಒಳಗೆ ಅಷ್ಟು ದುಃಖ ಇಟ್ಕೊಂಡು ಮೇಲೆ ನಗ್ತಿದ್ಯಲ್ಲ ಮಗಳೇ. ನಮ್ಮ ಆಲ್ಫೂ ಹಾಗೇ. ಹಲ್ಲುನೋವು ಬಂದ್ರೆ ಶಿಳ್ಳೆ ಹಾಕೋನು.

ನೊಯ್ಲೀನ್: ಹಾಗಲ್ಲ ಮೇವಿಸ್, ನಾವು ಚೆನ್ನಾಗೇ ಇದೀವಿ.

ಮೇವಿಸ್: ನೋಡು, ಎಷ್ಟು ಗಟ್ಟಿಯಾಗಿ ಹೇಳ್ತೀಯ! ದನಿ ಒಂಚೂರು ನಡುಗಲ್ಲ. ಶುಕ್ರವಾರ ಬಂದು ನನ್ನ ಪಕ್ಕ ಕೂತ್ಕೋ. ಅವನನ್ನ ಕರ್ಕೊಂಡು ಬರ್ಬೇಡ.

ಫೋನು ಇಟ್ಟ ನೊಯ್ಲೀನ್ ಕಣ್ಣು ಒದ್ದೆಯಾಗಿತ್ತು. ಮಾಂಸದಂಗಡಿಯ ಅವಮಾನ ಎಷ್ಟು ಚುಚ್ಚಿತ್ತು ಅನ್ನುವುದು ನನಗೆ ಆಗಲೇ ಸರಿಯಾಗಿ ತಿಳಿದದ್ದು. ಅದೇ ಹೊತ್ತಿಗೆ ಮುಂಬಾಗಿಲು ತಳ್ಳಿಕೊಂಡು ಬೇಕರಿಯ ಹೆಂಗಸು ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಪಾತ್ರೆ, ಕುರಿಮಾಂಸ ಆಲೂಗಡ್ಡೆ ಬೇಯಿಸಿದ್ದು. ಕೆಲ್ವಿನ್‌ಗಂತೆ, ಒಬ್ಬನೇ ಇದ್ದರೆ ಉಪವಾಸ ಬೀಳುತ್ತಾನಂತೆ. ಪಕ್ಕದಲ್ಲೇ ನಿಂತಿದ್ದ ಹೆಂಡತಿಯನ್ನು ನೋಡಿಯೂ ನೋಡದವಳ ಹಾಗೆ ಪಾತ್ರೆ ಇಟ್ಟು ಹೋದಳು. ಕಾರ್ಯಕ್ರಮ ಮುಗಿಸಿದ ಕೆಲ್ವಿನ್ ನನ್ನ ಮೇಜಿನ ಹತ್ತಿರ ಬಂದ.

ಕೆಲ್ವಿನ್: ಗ್ವೆಂಡಾ, ಒಂದು ಚಮಚ ಕೊಡು.

ನೊಯ್ಲೀನ್: ಮಾನ ಇದೆಯಾ ನಿನಗೆ? ಮನೆ ಮುರೀತು ಅಂತ ಕೊಟ್ಟಿರೋದು ಅದು!

ಕೆಲ್ವಿನ್: ಮುರಿದ ಮನೇಲಿ ಇಷ್ಟು ರುಚಿ ಇರತ್ತೆ ಅಂತ ಗೊತ್ತಿರ್ಲಿಲ್ಲ ಕಣೇ.

ಲಾಯ್ಡ್ ಬಂದದ್ದು ಆಗ. ಅವನ ಬೊಕ್ಕತಲೆ ಬೆವೆತಿತ್ತು. ಬಂದವನೇ ನೇರ ನನ್ನ ಟೈಪ್‌ರೈಟರ್ ಎಳೆದುಕೊಂಡು ಎರಡು ಬೆರಳಲ್ಲಿ ಏನೋ ಕುಟ್ಟಲು ಶುರುಮಾಡಿದ.

ಲಾಯ್ಡ್: ಪಾದ್ರಿ ನಮ್ಮ ಮನೆಗೇ ಫೋನ್ ಮಾಡಿದ್ರು. ಪಶುವೈದ್ಯ ಮಾಡಿದ. ಇಡೀ ಜಿಲ್ಲೆ ಇವತ್ತು ರೇಡಿಯೊ ಮುಂದೆ ಕೂತಿದೆ. ನೊಯ್ಲೀನ್, ಮಧ್ಯಾಹ್ನದ ಸುದ್ದಿ ನೀನೇ ಓದು.

ನೊಯ್ಲೀನ್: ಇವತ್ತು ಮಾತ್ರನಾ?

ಲಾಯ್ಡ್: ಖಾಯಂ.

ಕೆಲ್ವಿನ್: ಅವಳು ಬಾಯಿ ತೆರೆದ್ರೆ ಜನ ನಗುಗೆ ಕಾಯ್ತಾರೆ ಅಂದಿದ್ರಿ?

ಲಾಯ್ಡ್: ಅದು ನಿನ್ನೆ. ಇವತ್ತು ಅವಳು ಹವಾಮಾನ ಓದಿದ್ರೂ ಜನ ಕರವಸ್ತ್ರ ಹುಡುಕ್ತಾರೆ. ನೀನು ಬಾಯಲ್ಲಿ ಆಲೂಗಡ್ಡೆ ಇಟ್ಕೊಂಡು ಮಾತಾಡಬೇಡ.

ನೊಯ್ಲೀನ್ ಗೋಡೆಗೆ ಒರಗಿ ನಿಂತಳು. ನಗಲಿಲ್ಲ, ಅಳಲೂ ಇಲ್ಲ. ನನ್ನ ಕೈ ಹಿಡಿದು ಗಟ್ಟಿಯಾಗಿ ಒತ್ತಿದಳು, ಅಷ್ಟೇ. ನನಗೆ ಬಹಳ ಸಂತೋಷವಾಯಿತು, ಅದನ್ನು ಯಾಕೆ ಮುಚ್ಚಿಡಲಿ.

ಲಾಯ್ಡ್: ಒಂದು ಮಾತು. ಇದು ಸುದ್ದಿ. ಜೋಕು ಕಾರ್ಯಕ್ರಮದ ಥರ ಬಾಯಿಗೆ ಬಂದಿದ್ದು ಹೇಳೋ ಹಾಗಿಲ್ಲ. ಖಾತ್ರಿ ಇಲ್ಲದ ಒಂದು ಪದ ಓದಿದ್ರೂ ಅವತ್ತೇ ಕೆಲಸದಿಂದ ತೆಗೀತೀನಿ. ನನ್ನ ಸ್ವಂತ ಅಮ್ಮ ಆದ್ರೂ ಬಿಡಲ್ಲ.

ನೊಯ್ಲೀನ್: ಅರ್ಥ ಆಯ್ತು, ಲಾಯ್ಡ್.

ಲಾಯ್ಡ್: ಮೊದಲನೇ ಸುದ್ದಿ ಇದು. ಈ ಫೋನೆಲ್ಲ ನಿಲ್ಲಬೇಕು.

ಟೈಪ್‌ರೈಟರಿನಿಂದ ಹಾಳೆ ಎಳೆದು ಕೊಟ್ಟ. ನೊಯ್ಲೀನ್ ಬೆನ್ನು ನೆಟ್ಟಗೆ ಮಾಡಿಕೊಂಡು ಗಟ್ಟಿಯಾಗಿ ಓದಿದಳು. ಎಂಥಾ ದನಿ ಅಂತೀರಿ, ಪ್ರಧಾನಿ ಸತ್ತರೂ ಅವಳ ಬಾಯಿಂದಲೇ ಕೇಳಬೇಕು ಅನ್ನುವಂಥ ದನಿ.

ನೊಯ್ಲೀನ್: "ಬುರಾಂಗ ರೇಡಿಯೊದ ಕೆಲ್ವಿನ್ ಮತ್ತು ನೊಯ್ಲೀನ್ ಟಕ್‌ವೆಲ್ ದಂಪತಿ ಬೇರೆಯಾಗಿದ್ದಾರೆ ಎಂಬುದು ಗಾಳಿಸುದ್ದಿ. ಇಬ್ಬರೂ ಒಂದೇ ಮನೆಯಲ್ಲಿ ಸುಖವಾಗಿ ಬಾಳುತ್ತಿದ್ದಾರೆ."

ಕೆಲ್ವಿನ್: ಚೆನ್ನಾಗಿದೆ! ಹಾಗೇ ಓದು.

ನೊಯ್ಲೀನ್ ನನ್ನ ಮೇಜಿನಿಂದ ಪೆನ್ಸಿಲ್ ತೆಗೆದುಕೊಂಡಳು. ಹಾಳೆಯನ್ನು ಗಾಜಿಗೆ ಒತ್ತಿಟ್ಟು ಒಂದು ಪದದ ಮೇಲೆ ಗೆರೆ ಎಳೆದಳು.

ಕೆಲ್ವಿನ್: ಏನು ಹೊಡೆದುಹಾಕಿದೆ?

ನೊಯ್ಲೀನ್: "ಸುಖವಾಗಿ."

ಕೆಲ್ವಿನ್: ಒಂದೇ ಒಂದು ಪದ ಕಣೇ! ಇದ್ರೆ ನಿನಗೇನು ಹೋಗತ್ತೆ?

ನೊಯ್ಲೀನ್: ಕೆಲಸ.